ಬಾಸುಂಡೆ ಮೇಕಪ್‌ನವರದ್ದು, ಒಳಗಿನ ಗಾಯ ನಟನದ್ದು!

ಚಿತ್ರರಸಿಕ ಮಿತ್ರರೇ, ಮೊದಲಿಗೇ ಒಂದು ಪ್ರಶ್ನೆ. 'ಗುಲಾಮನ ಪಾತ್ರ' ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ?

ನಾನೇ ಹೇಳ್ತೀನಿ ಕೇಳಿ. ಹರಕಲು ಬಟ್ಟೆ. ಕಾಲಲ್ಲಿ ಸರಪಳಿ. ಬೆನ್ನ ಮೇಲೆ ಕೆಂಪಗೆ ಬಾಸುಂಡೆ. ಮೀಸೆ ತಿರುವುವ ಜಮೀನ್ದಾರ, ಅವನ ಕೈಯಲ್ಲೊಂದು ಚಾಟಿ, ಹಿನ್ನೆಲೆಯಲ್ಲಿ ಪಿಟೀಲಿನ ಗೋಳು. ಹುಡುಗ ಹಲ್ಲು ಕಚ್ಚಿಕೊಂಡು ಆಕಾಶ ನೋಡ್ತಾನೆ. ಅಲ್ಲಿಗೆ ಫ್ಲಾಶ್‌ಬ್ಯಾಕ್ ಮುಗೀತು! ಮುಂದಿನ ದೃಶ್ಯದಲ್ಲಿ ಅದೇ ಹುಡುಗ ಬೆಳೆದು ದೊಡ್ಡವನಾಗಿ, ಕೂಲಿಂಗ್ ಗ್ಲಾಸ್ ಏರಿಸಿಕೊಂಡು, ಇಪ್ಪತ್ತು ಜನ ರೌಡಿಗಳನ್ನು ಗಾಳಿಗೆ ಹಾರಿಸ್ತಾ ಇರ್ತಾನೆ. ನಾವೂ ಎದ್ದು ನಿಂತು ಶಿಳ್ಳೆ ಹೊಡೀತೀವಿ.

ಹೊಡೀಲಿ ಬಿಡಿ. ಟಿಕೆಟ್ಟಿಗೆ ಕಾಸು ಕೊಟ್ಟಿದ್ದೀವಿ, ಶಿಳ್ಳೆ ನಮ್ಮ ಹಕ್ಕು. ಆದರೆ ಆ ಫ್ಲಾಶ್‌ಬ್ಯಾಕಿನಲ್ಲಿದ್ದ ಹುಡುಗ ಎಲ್ಲಿ ಹೋದ? ಅಷ್ಟು ವರ್ಷ ಇನ್ನೊಬ್ಬನ ಸೊತ್ತಾಗಿ ಬದುಕಿದವನು ನಡೆಯೋ ರೀತಿಯಲ್ಲಿ, ಉಣ್ಣೋ ರೀತಿಯಲ್ಲಿ, ಒಬ್ಬ ಹೆಣ್ಣುಮಗಳ ಮುಖ ನೋಡೋ ರೀತಿಯಲ್ಲಿ ಒಂದು ಗುರುತೂ ಉಳಿದಿಲ್ಲವೇ? ಹಾಗಾದರೆ ಆ ಹಳೇ ನೋವು ಬರೀ ಟಿಕೆಟ್ ಮಾರುವ ಪೌಡರ್ರೇ?

ನಾನು ಹವ್ಯಾಸಿ ನಾಟಕ ತಂಡದಲ್ಲಿ ಬಹಳ ವರ್ಷಗಳಿಂದ ಬಣ್ಣ ಹಚ್ಚುತ್ತಿರುವವನು. ಈಗಿನ ಹುಡುಗರು ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುತ್ತಾರೆ. ಕಥೆ ತಂದು ತೋರಿಸ್ತಾರೆ. "ಅಣ್ಣಾ, ನಮ್ಮ ಹೀರೋ ಮೊದಲು ಜೀತದಾಳು ಅಣ್ಣಾ. ಸಖತ್ ಸೆಂಟಿಮೆಂಟು!" ಅಂತಾರೆ. "ಸರಿಯಪ್ಪಾ, ಅವನು ಜೀತಕ್ಕೆ ಬೀಳೋ ಮೊದಲು ಏನಾಗಿದ್ದ?" ಅಂದರೆ ಮುಖ ಮುಖ ನೋಡ್ಕೋತಾರೆ. ಆ ಹುಡುಗರಿಗಾಗಿ, ಅಂಥ ಪಾತ್ರ ಕಟ್ಟಬೇಕೆನ್ನುವ ಎಲ್ಲರಿಗಾಗಿ, ಒಳ್ಳೊಳ್ಳೆ ಚಿತ್ರಗಳಿಂದ ಮತ್ತು ಒಬ್ಬ ಹಿರಿಯರ ಬಾಯಿಂದ ನಾನು ಕಲಿತ ನಾಲ್ಕು ಮಾತು ಇಲ್ಲಿ ಬರೀತಿದ್ದೀನಿ.

ಹುಟ್ಟಿನಿಂದಲೋ, ಮಾರಾಟದಿಂದಲೋ?

ಮೊದಲ ಪ್ರಶ್ನೆ ಇದು. ನಿಮ್ಮ ಪಾತ್ರ ಗುಲಾಮನಾಗಿಯೇ ಹುಟ್ಟಿದವನೋ, ಸ್ವತಂತ್ರನಾಗಿದ್ದು ಆಮೇಲೆ ಬಿದ್ದವನೋ? ಎರಡಕ್ಕೂ ಅಜಗಜಾಂತರ!

ನಮ್ಮ 'ಸತ್ಯ ಹರಿಶ್ಚಂದ್ರ' ನೆನಪು ಮಾಡಿಕೊಳ್ಳಿ. 1965ರ ಚಿತ್ರ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ. ಅಣ್ಣಾವ್ರು ರಾಜ್‌ಕುಮಾರ್ ಹರಿಶ್ಚಂದ್ರ, ಪಂಢರಿಬಾಯಿ ಚಂದ್ರಮತಿ, ಎಂ.ಪಿ. ಶಂಕರ್ ವೀರಬಾಹು. ಸಿಂಹಾಸನದ ಮೇಲೆ ಕೂತಿದ್ದ ದೊರೆ ಕಾಶಿಯ ಬೀದಿಯಲ್ಲಿ ಹೆಂಡತಿ ಮಗನನ್ನು ಮಾರಿ, ತನ್ನನ್ನೂ ಮಾರಿಕೊಂಡು, ಸುಡುಗಾಡು ಕಾಯುವ ಆಳಾಗುತ್ತಾನೆ. ಮೈಮೇಲೆ ಕಂಬಳಿ, ಕೈಯಲ್ಲಿ ಕೋಲು. ಆದರೆ ಬೆನ್ನು ನೋಡಿ, ಅದು ದೊರೆಯ ಬೆನ್ನೇ! ಒಡೆಯ ಕೊಂಡದ್ದು ದುಡಿಮೆಯನ್ನು. ಸತ್ಯವನ್ನು ಕೊಳ್ಳುವಷ್ಟು ದುಡ್ಡು ಅವನಲ್ಲಿಲ್ಲ. ಸತ್ತ ಮಗನನ್ನು ಹೊತ್ತು ತಂದ ಸ್ವಂತ ಹೆಂಡತಿಯ ಹತ್ತಿರವೇ ಸುಡುಗಾಡಿನ ತೆರಿಗೆ ಕೇಳುತ್ತಾನಲ್ಲ, ಆ ದೃಶ್ಯಕ್ಕೆ ಟಾಕೀಸಿನಲ್ಲಿ ಅಳದವರು ಯಾರು ಸ್ವಾಮಿ?

ಇನ್ನು ಚೋಮನನ್ನು ನೋಡಿ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, 1975ರ 'ಚೋಮನ ದುಡಿ'. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಗೆದ್ದ ಚಿತ್ರ. ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ದೇಶದ ಅತ್ಯುತ್ತಮ ನಟ ಪ್ರಶಸ್ತಿ. ಚೋಮ ಯಾವ ಸಂತೆಯಲ್ಲೂ ಮಾರಾಟವಾದವನಲ್ಲ, ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿ ಗುಲಾಮನಾದವನಲ್ಲ. ಒಡೆಯ ಸಂಕಪ್ಪಯ್ಯನ ಮೂಲದಾಳಾಗಿಯೇ ಹುಟ್ಟಿದವನು. ಅವನಿಗೆ 'ಒಂದಾನೊಂದು ಕಾಲದಲ್ಲಿ ನಾನು' ಅಂತ ನೆನೆಸಿಕೊಳ್ಳಲು ಸಿಂಹಾಸನವಿಲ್ಲ. ಹಿಂದೆ ತಿರುಗಿದರೆ ಅಪ್ಪನ ದುಡಿಮೆ, ಅಜ್ಜನ ದುಡಿಮೆ. ಆದ್ದರಿಂದ ವಾಸುದೇವರಾಯರ ಚೋಮ ಹಿಂದಕ್ಕೆ ನೋಡೋದಿಲ್ಲ, ಮುಂದಕ್ಕೆ ನೋಡ್ತಾನೆ. ಒಂದು ತುಂಡು ನೆಲ, ಅದರಲ್ಲಿ ತನ್ನ ಎತ್ತು, ತನ್ನ ನೇಗಿಲು. ಅಷ್ಟೇ ಆಸೆ. ಅವನ ಜಾತಿಯವನಿಗೆ ಆ ಅಷ್ಟೂ ಇಲ್ಲ ಅಂತಾರೆ.

ಇನ್ನೊಂದು ವ್ಯತ್ಯಾಸ. ಹರಿಶ್ಚಂದ್ರನ ಗುಲಾಮಗಿರಿ ಒಂದು ಪರೀಕ್ಷೆ. ಪಾಸಾದ ಕೂಡಲೇ ದೇವರು ಪ್ರತ್ಯಕ್ಷ! ಚೋಮನಿಗೆ ಯಾವ ದೇವರೂ ಬರೋದಿಲ್ಲ. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಕಳಿಸಿದ ಮಕ್ಕಳಲ್ಲಿ ಒಬ್ಬ ಜ್ವರಕ್ಕೆ ಬಲಿ, ಇನ್ನೊಬ್ಬ ತಿರುಗಿ ಬರೋದಿಲ್ಲ. ನೀರಲ್ಲಿ ಮುಳುಗುವ ಇನ್ನೊಬ್ಬ ಮಗನನ್ನು ಮೈಲಿಗೆಯ ಹೆಸರಲ್ಲಿ ಯಾರೂ ಎತ್ತೋದಿಲ್ಲ. ನಿಮ್ಮ ಪಾತ್ರ ಹರಿಶ್ಚಂದ್ರನ ದಾರಿಯದೋ, ಚೋಮನ ದಾರಿಯದೋ? ಇದನ್ನು ತೀರ್ಮಾನಿಸದೆ ಬಾಸುಂಡೆ ಬರೆಯಲು ಮೇಕಪ್‌ನವರನ್ನು ಕರೀಬೇಡಿ.

ಮುಖಕ್ಕಿಂತ ಮೊದಲು ಕಿವಿ

ನಮ್ಮ ತಂಡ ಒಂದು ಸಲ ಜೀತದಾಳಿನ ನಾಟಕ ಕೈಗೆತ್ತಿಕೊಂಡಿತು. ಮುಖ್ಯ ಪಾತ್ರ ನನ್ನ ಪಾಲಿಗೆ ಬಂತು. ತಾಲೀಮು ಶುರುವಾಗೋ ಮೊದಲೇ ಪಕ್ಕದ ಹಳ್ಳಿಯ ಒಬ್ಬ ಹಿರಿಯರ ಜಗಲಿಗೆ ಹೋಗಿ ಕೂತೆ. ಅಪ್ಪ ಮಾಡಿದ ಸಾಲಕ್ಕೆ ಎಂಟನೇ ವಯಸ್ಸಿಗೇ ಒಬ್ಬರ ಮನೆಯಲ್ಲಿ ದನ ಕಾಯೋಕೆ ಜೀತಕ್ಕೆ ಬಿದ್ದವರು. ಹೆಸರು ಬೇಡ, ಊರೂ ಬೇಡ.

"ತುಂಬಾ ಹೊಡೀತಿದ್ರಾ ತಾತ?" ಅಂತ ಕೇಳಿದೆ.

ತಾತ ಬೀಡಿ ಹಚ್ಚಿಕೊಂಡು ನಕ್ಕರು. "ಹೊಡ್ತ ಏನ್ ಮಗಾ, ದನಾನೂ ತಿಂತದೆ. ನಾ ಅವರ ಮುಖಾನ ಸರ್ಯಾಗಿ ನೋಡಿದ್ದೇ ಇಲ್ಲ ಕಣಪ್ಪ. ಮೆಟ್ಟಿನ ಸದ್ದು ಕೇಳ್ತಿದ್ದೆ. ಬಿರಬಿರನೆ ಬಂದ್ರೆ ಇವತ್ತು ಕ್ವಾಪ ಅದೆ ಅಂತ. ಎಳಕೊಂಡು ಬಂದ್ರೆ ಅವರ ಊಟ ಆಗದೆ, ಇನ್ ನಮಗೂ ಏನಾರ ಬತ್ತದೆ ಅಂತ."

ನೋಡಿದ್ರಾ! ಯಾವ ನಟನಾ ಶಾಲೆ ಇದನ್ನು ಹೇಳಿಕೊಡುತ್ತೆ? ಒಡೆಯನ ಮನಸ್ಸು ಅವರಿಗೆ ಕಿವಿಯಲ್ಲಿ ಗೊತ್ತಾಗ್ತಿತ್ತು. ನಾನು ರಂಗದ ಮೇಲೆ ಮಾಡಿದ್ದು ಇಷ್ಟೇ. ಒಡೆಯ ಪ್ರವೇಶ ಮಾಡೋ ಮೊದಲೇ, ಸೈಡ್ ವಿಂಗಿನಲ್ಲಿ ಅವನ ಮೆಟ್ಟಿನ ಸದ್ದಾದ ಕೂಡಲೇ, ಮಾತಾಡ್ತಿದ್ದವನು ಮಾತು ನಿಲ್ಲಿಸಿ ಭುಜ ಒಂದು ಅಂಗುಲ ಕೆಳಗಿಳಿಸುತ್ತಿದ್ದೆ. ಜನ ಗಪ್‌ಚುಪ್! ಒಂದು ಚಾಟಿ ಏಟೂ ಬೇಕಾಗಲಿಲ್ಲ.

ಇಂಥದ್ದನ್ನೇ ಹಾಲಿವುಡ್ಡಿನ 'ಸ್ಪಾರ್ಟಕಸ್' ಚಿತ್ರದಲ್ಲಿ ನೋಡಬಹುದು. 1960ರ ಚಿತ್ರ, ಸ್ಟಾನ್ಲಿ ಕುಬ್ರಿಕ್ ನಿರ್ದೇಶನ, ಕರ್ಕ್ ಡಗ್ಲಾಸ್ ನಾಯಕ. ಕ್ರಿಸ್ತಪೂರ್ವ 73ರಲ್ಲಿ ಇಟಲಿಯ ಕಪುವಾದಲ್ಲಿದ್ದ ಕತ್ತಿಮಲ್ಲರ ಗರಡಿಯಿಂದ ಗುಲಾಮರು ದಂಗೆಯೆದ್ದ ನಿಜವಾದ ಚರಿತ್ರೆಯೇ ಅದರ ಮೂಲ. ರೋಮಿನ ಶ್ರೀಮಂತರ ಮೋಜಿಗಾಗಿ ಇಬ್ಬರಲ್ಲಿ ಒಬ್ಬ ಸಾಯುವವರೆಗೂ ಹೊಡೆದಾಡಬೇಕು. ಹೊಸಬ ಸ್ಪಾರ್ಟಕಸ್ ಅಲ್ಲಿದ್ದ ದೈತ್ಯ ಡ್ರಾಬಾನ ಹೆಸರು ಕೇಳ್ತಾನೆ. ಡ್ರಾಬಾ ಹೇಳೋದಿಲ್ಲ! ಯಾಕೆ? ನಾಳೆ ಅಖಾಡದಲ್ಲಿ ಇವನನ್ನೇ ಕೊಲ್ಲಬೇಕಾಗಿ ಬಂದರೆ? ಸ್ನೇಹ ಅನ್ನೋದು ಅವನ ಪಾಲಿಗೆ ದುಬಾರಿ. ವುಡಿ ಸ್ಟ್ರೋಡ್ ಅನ್ನೋ ನಟ ಆ ಪಾತ್ರ ಮಾಡಿದ್ದಾರೆ. ಮಾತು ಬೆರಳೆಣಿಕೆಯಷ್ಟು. ಆದರೂ ಅವನ ಹಿಂದಿನ ಬದುಕೆಲ್ಲ ಆ ಹೆಸರು ಹೇಳದ ಬಾಯಲ್ಲೇ ಇದೆ. ಕೊನೆಗೆ ಅಖಾಡದಲ್ಲಿ ಸ್ಪಾರ್ಟಕಸ್‌ನನ್ನು ಕೆಡವಿದ ಮೇಲೂ ಡ್ರಾಬಾ ಅವನನ್ನು ಕೊಲ್ಲೋದಿಲ್ಲ. ತನ್ನ ತ್ರಿಶೂಲವನ್ನು ಮೇಲೆ ಕೂತು ನೋಡುತ್ತಿದ್ದ ಒಡೆಯರತ್ತ ಎಸೆದು ಪ್ರಾಣ ಬಿಡುತ್ತಾನೆ. ಹೀರೋಗಿಂತ ದೊಡ್ಡ ಹೀರೋ!

ಒಡೆಯನ ಕೈಗೆ ಸಿಗದೆ ಉಳಿದದ್ದೇನು?

ಈಗ ಬಂತು ನೋಡಿ ಮುಖ್ಯ ಪ್ರಶ್ನೆ. ಏನೇನು ಕಿತ್ತುಕೊಂಡರು ಅನ್ನೋದನ್ನು ಯಾರು ಬೇಕಾದರೂ ಪಟ್ಟಿ ಮಾಡಬಹುದು. ಏನನ್ನು ಕಿತ್ತುಕೊಳ್ಳಲು ಆಗಲಿಲ್ಲ? ಪಾತ್ರದ ಜೀವ ಇರೋದು ಅಲ್ಲಿ.

ಚೋಮನಿಗೆ ಉಳಿದದ್ದು ದುಡಿ. ದುಃಖ ಬಂದರೂ ದುಡಿ, ಸಿಟ್ಟು ಬಂದರೂ ದುಡಿ. ಎಲ್ಲ ಕಳೆದುಕೊಂಡ ಮೇಲೆ ಗುಡಿಸಲ ಬಾಗಿಲು ಹಾಕಿಕೊಂಡು ಬಾರಿಸುತ್ತಾನಲ್ಲ, ಅದು ಸಂಗೀತವಲ್ಲ ಕಣ್ರೀ, ಅವನ ಇಡೀ ಆತ್ಮಕಥೆ.

ಅಮೆರಿಕದ 'ರೂಟ್ಸ್' ಧಾರಾವಾಹಿಯಲ್ಲೂ ಒಂದು ಡೋಲು ಬರುತ್ತೆ. ಅಲೆಕ್ಸ್ ಹೇಲಿಯ ಪುಸ್ತಕ 1976ರದು. 1977ರ ಜನವರಿಯಲ್ಲಿ ಎಂಟು ರಾತ್ರಿ ಸತತವಾಗಿ ಟೀವಿಯಲ್ಲಿ ಬಂದಾಗ ದೇಶಕ್ಕೆ ದೇಶವೇ ಮನೆಯಲ್ಲಿ ಕೂತು ನೋಡಿತು. ಹೇಲಿ ಹೇಳಿದ ವಂಶಾವಳಿಯ ಬಗ್ಗೆ ಆಮೇಲೆ ಚರಿತ್ರೆ ಬಲ್ಲವರು ತಕರಾರು ತೆಗೆದರು, ಅದು ಬೇರೆ ಮಾತು. ಪಾತ್ರ ಮಾತ್ರ ಕಲ್ಲಿನಲ್ಲಿ ಕೊರೆದ ಹಾಗಿದೆ. ಗ್ಯಾಂಬಿಯಾದ ಹುಡುಗ ಕುಂಟಾ ಕಿಂಟೆ ಡೋಲು ಮಾಡಲು ಮರ ಕಡಿಯೋಣ ಅಂತ ಕಾಡಿಗೆ ಹೋದಾಗ ಗುಲಾಮ ವ್ಯಾಪಾರಿಗಳ ಕೈಗೆ ಸಿಕ್ಕಿಬೀಳುತ್ತಾನೆ. ಹಡಗು, ಸರಪಳಿ, ಹರಾಜು. ಆಮೇಲೆ ಒಡೆಯ 'ಟೋಬಿ' ಅಂತ ಹೊಸ ಹೆಸರು ಇಡ್ತಾನೆ. ಹುಡುಗ ಒಪ್ಪೋದಿಲ್ಲ. ಎಲ್ಲರೆದುರು ಕಟ್ಟಿಹಾಕಿ ಚಾಟಿಯಲ್ಲಿ ಬಾರಿಸುತ್ತಾರೆ, ಹೆಸರು ಹೇಳು ಅಂತಾರೆ. ಕೊನೆಗೆ ಮೈ ಸೋಲುವವರೆಗೂ ತನ್ನ ಹೆಸರನ್ನೇ ಹೇಳ್ತಾನೆ. ಇಲ್ಲಿ ಚಾಟಿ ಇದೆ, ಬಾಸುಂಡೆ ಇದೆ. ಆದರೆ ನಮ್ಮ ಕಣ್ಣು ಬೆನ್ನಿನ ಮೇಲಿಲ್ಲ, ಬಾಯಿಯ ಮೇಲಿದೆ. ಆ ಬಾಯಿಂದ ಯಾವ ಹೆಸರು ಬರುತ್ತೆ? ಲೆವಾರ್ ಬರ್ಟನ್‌ಗೆ ಆಗ 19 ವರ್ಷ. ನಮ್ಮ ಡಿಗ್ರಿ ಕಾಲೇಜಿನ ಹುಡುಗರ ವಯಸ್ಸು!

ಇನ್ನು 2013ರ '12 ಇಯರ್ಸ್ ಎ ಸ್ಲೇವ್'. ಲುಪಿಟಾ ನ್ಯೋಂಗೋ ಪ್ಯಾಟ್ಸಿಯ ಪಾತ್ರಕ್ಕೆ ಆಸ್ಕರ್ ಗೆದ್ದರು. ಅದು ಅವರ ಮೊದಲ ದೊಡ್ಡ ಚಿತ್ರ. ಇಡೀ ತೋಟದಲ್ಲಿ ಗಂಡಸರಿಗಿಂತ ಹೆಚ್ಚು ಹತ್ತಿ ಬಿಡಿಸುವ ಹುಡುಗಿ ಪ್ಯಾಟ್ಸಿ. ಒಡೆಯನ ಕಾಮಕ್ಕೂ ಒಡತಿಯ ಹೊಟ್ಟೆಕಿಚ್ಚಿಗೂ ನಡುವೆ ಸಿಕ್ಕವಳು. ಅವಳು ಹೊಲದಲ್ಲಿ ಕೂತು ಜೋಳದ ಸಿಪ್ಪೆಯಿಂದ ಪುಟ್ಟ ಪುಟ್ಟ ಗೊಂಬೆ ಮಾಡ್ತಾಳೆ. ಯಾರಿಗಾಗಿಯೂ ಅಲ್ಲ, ತನಗಾಗಿ. ಮುಂದೆ ಮೈ ತೊಳೆಯಲು ಒಂದು ತುಂಡು ಸಾಬೂನು ತರೋಕೆ ಪಕ್ಕದ ತೋಟಕ್ಕೆ ಹೋಗಿಬಂದದ್ದಕ್ಕೆ ಬೆನ್ನು ಸೀಳುವ ಏಟು ತಿನ್ನುತ್ತಾಳೆ. ಗೊಂಬೆ ನೋಡಿದ ನಮಗೆ ಆ ಏಟು ನಮ್ಮ ಮನೆ ಹುಡುಗಿಗೆ ಬಿದ್ದ ಹಾಗೆ ಆಗುತ್ತೆ. ಗೊಂಬೆ ಇಲ್ಲದಿದ್ದರೆ ಅವಳು ಬರೀ 'ಏಟು ತಿನ್ನುವವಳು' ಆಗಿಬಿಡುತ್ತಿದ್ದಳು.

ಆ ತಾತನನ್ನೂ ಕೇಳಿದ್ದೆ. "ಆಟಗೀಟ ಏನೂ ಇರ್ಲಿಲ್ವಾ ತಾತ?"

"ಒಂದು ಬುಗುರಿ ಇತ್ತು ಮಗಾ. ಕೊಟ್ಟಿಗೆ ಸೂರಿನ ಸಂದೀಲಿ ಸಿಗಿಸಿದ್ದೆ. ಆಡಕ್ಕೆ ಹೊತ್ತೆಲ್ಲಿ? ರಾತ್ರಿ ಎದ್ದು ಮುಟ್ಟಿ ನೋಡ್ತಿದ್ದೆ. ಅದೆ... ಅಂತ."

ಅಷ್ಟೇ ಮಾತು. ಬೀಡಿ ಆರಿಹೋಗಿತ್ತು, ಅವರು ಮತ್ತೆ ಹಚ್ಚಿಕೊಳ್ಳಲಿಲ್ಲ. ನಮ್ಮ ನಾಟಕದಲ್ಲಿ ಬುಗುರಿಯ ಬಗ್ಗೆ ಒಂದು ಡೈಲಾಗೂ ಸೇರಿಸಲಿಲ್ಲ. ತಾತನ ಒಪ್ಪಿಗೆ ಕೇಳಿ, ನನ್ನ ಪಾತ್ರದ ಸೊಂಟದ ಪಂಚೆಯಲ್ಲಿ ಒಂದು ಬುಗುರಿ ಕಟ್ಟಿಕೊಂಡೆ. ಜನರಿಗೆ ಕಾಣೋದಿಲ್ಲ. ಆದರೆ ಪ್ರತಿ ಪ್ರದರ್ಶನದಲ್ಲೂ ಕೈ ತಾನಾಗಿ ಅಲ್ಲಿಗೆ ಹೋಗ್ತಿತ್ತು.

ಗುಲಾಮರಾಗುವ ಮೊದಲು

ನಮ್ಮ ಉತ್ತರ ಕನ್ನಡದ ಕಾಡಿನಲ್ಲೇ ಈ ಕಥೆಗೆ ಒಂದು ಕೊಂಡಿ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳು ಯಾರು? ಅವರ ಹಿರಿಯರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡು ಬಂದವರು, ಬಿಡುಗಡೆಯಾದವರು ಈ ಕಾಡು ಸೇರಿದರು. ಕೊಂಕಣಿ, ಕನ್ನಡ ಆಡುತ್ತಾ ಇಲ್ಲಿಯವರೇ ಆದರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೂ ಸೇರಿದರು. ಆಫ್ರಿಕಾದ ಭಾಷೆ ಹೋಯಿತು, ಊರು ಹೋಯಿತು. ಡಮಾಮಿ ವಾದ್ಯ, ಅದರ ಕುಣಿತ ಉಳಿಯಿತು. ಮತ್ತೆ ಡೋಲು!

1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಕಡೆಯ ಚಿದಂಬರರಾವ್ ಜಂಬೆಯವರು ಸಿದ್ದಿ ಜನರನ್ನೇ ಕಲಾವಿದರನ್ನಾಗಿ ಮಾಡಿ ನಾಟಕ ಆಡಿಸಿದರು. ಯಾವ ಕಥೆ ಆರಿಸಿದರು ಗೊತ್ತೇ? ಚಾಟಿ, ಸರಪಳಿಯ ಕಥೆ ಅಲ್ಲ. ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ. ಬಿಳಿಯರು ಬಂದು ಒಡೆದುಹಾಕುವ ಮೊದಲು ತನ್ನದೇ ಹಬ್ಬ, ತನ್ನದೇ ಕುಸ್ತಿ, ತನ್ನದೇ ನ್ಯಾಯಪಂಚಾಯಿತಿ ನಡೆಸಿಕೊಂಡಿದ್ದ ಆಫ್ರಿಕಾದ ಹಳ್ಳಿಯೊಂದರ ಕಥೆ. ಎಂಥ ಆಯ್ಕೆ ನೋಡಿ! ಗುಲಾಮನ ಭೂತಕಾಲ ಗುಲಾಮಗಿರಿಯಿಂದ ಶುರುವಾಗೋದಿಲ್ಲ, ಅದಕ್ಕೂ ಮೊದಲು ಅವನೊಬ್ಬ ಮನುಷ್ಯನಾಗಿದ್ದ. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯಂಥವರು ಮುಂದೆ ನಮ್ಮ ಕನ್ನಡ ಚಿತ್ರಗಳಲ್ಲೂ ಬಂದರು. ಅಂಥ ಕಲಾವಿದರನ್ನು ಕಂಡ ಕೂಡಲೇ 'ಗುಲಾಮನ ಪಾರ್ಟು ಕೊಡೋಣ' ಅನ್ನುವ ನಿರ್ದೇಶಕನಿಗೆ ಅವನ ಚರಿತ್ರೆಯೂ ಗೊತ್ತಿಲ್ಲ, ಕಲೆಯೂ ಗೊತ್ತಿಲ್ಲ.

ಬಿಡುಗಡೆಯ ಮಾರನೇ ದಿನ

ಕೊನೆಯ ಮಾತು. ಚಿತ್ರಗಳಲ್ಲಿ ಸರಪಳಿ ಒಡೆದ ಕೂಡಲೇ 'ಶುಭಂ' ಬಿದ್ದುಬಿಡುತ್ತೆ. ಮಾರನೇ ದಿನ?

'12 ಇಯರ್ಸ್ ಎ ಸ್ಲೇವ್' ಚಿತ್ರದ ಸಾಲೊಮನ್ ನಾರ್ತಪ್ ನಿಜವಾಗಿ ಬಾಳಿದ ಮನುಷ್ಯ. ನ್ಯೂಯಾರ್ಕ್ ರಾಜ್ಯದಲ್ಲಿ ಪಿಟೀಲು ನುಡಿಸಿಕೊಂಡು ಹೆಂಡತಿ ಮಕ್ಕಳ ಜೊತೆ ಇದ್ದ ಸ್ವತಂತ್ರ ಪ್ರಜೆ. 1841ರಲ್ಲಿ ಕೆಲಸದ ಆಸೆ ತೋರಿಸಿ ವಾಷಿಂಗ್ಟನ್ನಿಗೆ ಕರೆದೊಯ್ದು ಮಾರಿಬಿಟ್ಟರು. ಹನ್ನೆರಡು ವರ್ಷ ಲೂಸಿಯಾನಾದ ತೋಟಗಳಲ್ಲಿ 'ಪ್ಲ್ಯಾಟ್' ಅನ್ನುವ ಸುಳ್ಳು ಹೆಸರಲ್ಲಿ ದುಡಿದು 1853ರಲ್ಲಿ ಬಿಡುಗಡೆಯಾದರು. ಕಪ್ಪು ಮನುಷ್ಯನ ಸಾಕ್ಷಿ ನಡೆಯೋದಿಲ್ಲ ಅಂತ ವಾಷಿಂಗ್ಟನ್ನಿನ ಕೋರ್ಟಿನಲ್ಲಿ ತನ್ನನ್ನು ಮಾರಿದವನ ವಿರುದ್ಧವೇ ಅವರು ಬಾಯಿ ತೆರೆಯುವಂತಿರಲಿಲ್ಲ! ಚಿತ್ರದ ಕೊನೆಯಲ್ಲಿ ಮನೆಗೆ ಬಂದ ಸಾಲೊಮನ್ ಏನು ಮಾಡ್ತಾರೆ? ಕಿರುಚಾಟವಿಲ್ಲ, ಸೇಡಿನ ಶಪಥವಿಲ್ಲ. ಹೀಗೆ ಬಂದು ನಿಂತಿದ್ದಕ್ಕೆ ಮನೆಯವರ ಹತ್ತಿರ ಕ್ಷಮೆ ಕೇಳ್ತಾರೆ! ಕದ್ದು ಮಾರಿಸಿಕೊಂಡವನು ಕ್ಷಮೆ ಕೇಳೋದು. ಚಿವೆಟೆಲ್ ಎಜಿಯೊಫೋರ್ ಆ ಒಂದು ನಿಮಿಷದಲ್ಲಿ ಹನ್ನೆರಡು ವರ್ಷವನ್ನೂ ತೋರಿಸಿಬಿಟ್ಟರು.

ನಮ್ಮ ದೇಶದಲ್ಲಿ ಬಲವಂತದ ದುಡಿಮೆಯನ್ನು ಸಂವಿಧಾನದ 23ನೇ ವಿಧಿಯೇ ನಿಷೇಧಿಸಿದೆ. ಆದರೂ ಜೀತ ನಿಲ್ಲದೆ, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. 'ಚೋಮನ ದುಡಿ' ತಯಾರಾದ ಅದೇ 1975ರ ಅಕ್ಟೋಬರ್ 25ರಿಂದಲೇ ಅದು ಜಾರಿ. ಜೀತದ ಸಾಲವೆಲ್ಲ ಅಲ್ಲಿಗೆ ವಜಾ. ಕಾಗದದ ಮೇಲೆ ಸಾಲ ಹೋಯಿತು, ಸರಿ. ಮೈಮೇಲಿನ ಅಭ್ಯಾಸ? ನಾನು ಹೇಳಿದ ತಾತ ಇವತ್ತಿಗೂ ಕೋಳಿ ಕೂಗೋ ಮೊದಲೇ ಏಳುತ್ತಾರೆ. ಹಟ್ಟಿಯಲ್ಲಿ ಒಂದು ದನವೂ ಇಲ್ಲ, ಎಬ್ಬಿಸುವವರೂ ಇಲ್ಲ. ಎದ್ದು ಸುಮ್ಮನೆ ಕೂರುತ್ತಾರೆ.

ಇನ್ನೊಂದು ಬಗೆಯ ಬಿಡುಗಡೆಯೂ ಉಂಟು. ಚೋಮನಾದ ಅದೇ ವಾಸುದೇವರಾಯರು ಎರಡೇ ವರ್ಷದಲ್ಲಿ, 1977ರಲ್ಲಿ, ಮೃಣಾಲ್ ಸೇನರ ತೆಲುಗು ಚಿತ್ರ 'ಒಕ ಊರಿ ಕಥ'ದಲ್ಲಿ ವೆಂಕಯ್ಯನಾದರು. ಮೂಲ ಪ್ರೇಮಚಂದರ ಕಥೆ. ಚೋಮ ದುಡಿಯಲು ಒಂದು ತುಂಡು ನೆಲ ಕೊಡಿ ಅಂದರೆ, ವೆಂಕಯ್ಯ ದುಡಿಯೋದೇ ಇಲ್ಲ ಹೋಗ್ರೀ ಅಂತಾನೆ! ದುಡಿದರೆ ಬೆಳೆಯೋದು ಧಣಿಯ ಹೊಟ್ಟೆ ತಾನೇ? ಅದೇ ಮುಖ, ಅದೇ ಮೂಳೆ, ಅದೇ ಬಡತನ, ಆದರೆ ತದ್ವಿರುದ್ಧ ಮನುಷ್ಯರು. ಒಬ್ಬ ಆಸೆಯನ್ನು ಬಚ್ಚಿಟ್ಟುಕೊಂಡ, ಇನ್ನೊಬ್ಬ ಹಠವನ್ನು. ಜೀತದವರೆಲ್ಲ ಒಂದೇ ಥರ ಅಳುತ್ತಾರೆ ಅಂದುಕೊಂಡ ಹುಡುಗರು ಈ ಎರಡು ಚಿತ್ರವನ್ನೂ ಒಂದೇ ವಾರದಲ್ಲಿ ನೋಡಬೇಕು.

ಆದ್ದರಿಂದ ಗೆಳೆಯರೇ, ನಾಳೆ ನೀವು ಅಂಥ ಪಾತ್ರ ಬರೆದರೆ, ಆಡಿದರೆ, ಮೊದಲು ಬೆನ್ನು ನೋಡಬೇಡಿ. ಅವನು ಎಲ್ಲಿಂದ ಬಿದ್ದ ಕೇಳಿ. ಅವನ ಕಿವಿ ಯಾವ ಸದ್ದಿಗೆ ಬೆಚ್ಚುತ್ತೆ ಕೇಳಿ. ಬಿಡುಗಡೆಯಾದ ಮಾರನೇ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತಾನೆ ಕೇಳಿ. ಎಲ್ಲಕ್ಕಿಂತ ಹೆಚ್ಚಾಗಿ, ಸೂರಿನ ಸಂದಿಯಲ್ಲಿ ಏನು ಸಿಗಿಸಿದ್ದಾನೆ ಅಂತ ಹುಡುಕಿ. ಯಾಕಂದರೆ ನಿಮ್ಮ ಚಿತ್ರ ನೋಡೋಕೆ ಬಂದವರ ಮಧ್ಯೆ, ಹಿಂದಿನ ಸಾಲಿನಲ್ಲಿ, ಆ ಬದುಕನ್ನು ನಿಜವಾಗಿ ಬದುಕಿದ ಒಬ್ಬರು ಕೂತಿರಬಹುದು. ಅವರು ಶಿಳ್ಳೆ ಹೊಡೆಯೋದಿಲ್ಲ. 'ಹೂಂ, ಹಿಂಗೇ ಇತ್ತು' ಅಂತ ಅವರ ತಲೆ ಒಂದು ಸಲ ಅಲ್ಲಾಡಿದರೆ ಸಾಕು. ನೂರು ದಿನದ ಓಟಕ್ಕಿಂತ ಅದೇ ದೊಡ್ಡದು. ಏನಂತೀರಿ?